ಬ್ಲಾಕ್ ಎಳೆಯುವುದು ಕೋಡಿಂಗ್ ಹೌದಾ? 9 ವರ್ಷದ ಮಗಳಿಗೆ ಈಗಲೇ ಪೈಥಾನ್ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಬಸವೇಶ್ವರನಗರದವರು. ಮಗಳಿಗೆ 9 ವರ್ಷ, ನಾಲ್ಕನೇ ಕ್ಲಾಸು. ಹೋದ ಬೇಸಿಗೆ ರಜೆಯಿಂದ ಸ್ಕ್ರಾಚ್‌ನಲ್ಲಿ (ಆಜ್ಞೆ ಬರೆದಿರುವ ಬಣ್ಣದ ಬ್ಲಾಕ್‌ಗಳನ್ನು ಎಳೆದು ಜೋಡಿಸಿ ಆಟ ಮಾಡುವ ಸಾಫ್ಟ್‌ವೇರ್) ಏನಾದರೂ ಮಾಡುತ್ತಲೇ ಇರುತ್ತಾಳೆ. ಬೆಕ್ಕನ್ನು ಕುಣಿಸುತ್ತಾಳೆ, ಬಲೂನ್ ಒಡೆಯುವ ಆಟ ಮಾಡಿದ್ದಾಳೆ, ಬೇರೆ ಮಕ್ಕಳು ಮಾಡಿದ ಆಟ ತೆಗೆದುಕೊಂಡು ಬಣ್ಣ ಬದಲಾಯಿಸುತ್ತಾಳೆ. ಮನೆ ಹತ್ತಿರದ ಕೋಡಿಂಗ್ ಸೆಂಟರ್ ಒಂದರಲ್ಲಿ ಉಚಿತ ಡೆಮೊಗೆ ಕರೆದುಕೊಂಡು ಹೋಗಿದ್ದೆವು. "ಇದೆಲ್ಲ ಆಟಿಕೆ ಮೇಡಂ. ಇದರಲ್ಲೇ ಇದ್ದರೆ ಅಭ್ಯಾಸ ಕೆಡುತ್ತೆ. ಈಗಲೇ ಪೈಥಾನ್, ಎಐಗೆ ಹಾಕಿಬಿಡಿ" ಅಂದರು. ವರ್ಷಕ್ಕೆ ₹48,000. ಇಎಂಐ ಇದೆಯಂತೆ. ಭಾನುವಾರದೊಳಗೆ ಸೇರಿದರೆ ರಿಯಾಯಿತಿ. ನಮ್ಮ ಯಜಮಾನರು ಸಾಫ್ಟ್‌ವೇರ್‌ನಲ್ಲಿದ್ದಾರೆ, ಅವರೂ "ಬ್ಲಾಕ್ ಎಳೆಯೋದು ಕೋಡಿಂಗ್ ಅಲ್ಲ" ಅನ್ನುತ್ತಾರೆ. ಅತ್ತೆಗೆ ಮಗುವಿನ ಕಣ್ಣಿನ ಚಿಂತೆ. ನನಗೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ. ಅವಳು ನಿಜವಾಗಿ ಕಲಿಯುತ್ತಿದ್ದಾಳಾ, ಸುಮ್ನೆ ಆಡುತ್ತಿದ್ದಾಳಾ, ಹೇಗೆ ತಿಳಿದುಕೊಳ್ಳುವುದು? 5 ವರ್ಷದ ಮಗನೂ ಅಕ್ಕನ ಪಕ್ಕ ಬಂದು ಕೂರುತ್ತಾನೆ. ಅವನಿಗೂ ಶುರು ಮಾಡಬೇಕಾ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಈ ಭಾನುವಾರದೊಳಗೆ ಏನೂ ಕಟ್ಟಬೇಡಿ. 9 ವರ್ಷದ ಮಗುವಿನ ಕಲಿಕೆಯಲ್ಲಿ ಭಾನುವಾರಕ್ಕೆ ಮುಗಿದುಹೋಗುವಂಥದ್ದು ಏನೂ ಇಲ್ಲ. ಆ ರಿಯಾಯಿತಿ ಮುಂದಿನ ಭಾನುವಾರವೂ ಇರುವ ಸಾಧ್ಯತೆಯೇ ಜಾಸ್ತಿ.

ಈಗ ನಿಮ್ಮ ಚಿಂತೆಗೆ ಬರೋಣ. ಪತ್ರದಲ್ಲಿ ಮೂರು ಮಾತು ಕಲಸಿಹೋಗಿವೆ. ಬ್ಲಾಕ್ ಕೋಡಿಂಗ್ ನಿಜವಾದ ಕೋಡಿಂಗಾ ಅನ್ನುವುದು ಒಂದು. ಅದರಿಂದ ಅಭ್ಯಾಸ ಕೆಡುತ್ತದಾ ಅನ್ನುವುದು ಇನ್ನೊಂದು. ನಿಮ್ಮ ಮಗಳು ಕಲಿಯುತ್ತಿದ್ದಾಳಾ ಅನ್ನುವುದು ಮೂರನೆಯದು. ಮೊದಲೆರಡಕ್ಕೆ ನಾನು ಉತ್ತರ ಹೇಳಬಲ್ಲೆ. ಮೂರನೆಯದನ್ನು ನೀವೇ ಮನೆಯಲ್ಲಿ ಕೂತು ನೋಡಬೇಕು. ಅದಕ್ಕೆ ಕಂಪ್ಯೂಟರ್ ಗೊತ್ತಿರಬೇಕಿಲ್ಲ. ದಾರಿ ಹೇಳುತ್ತೇನೆ.

ನಿಮ್ಮ ಯಜಮಾನರ ಮಾತಿನಿಂದ ಶುರು ಮಾಡುತ್ತೇನೆ. ಅವರ ವಯಸ್ಸಿನ ಬಹುತೇಕ ಎಂಜಿನಿಯರ್‌ಗಳು ಕಾಲೇಜು ಲ್ಯಾಬಿನಲ್ಲಿ ನೀಲಿ ಪರದೆಯ ಟರ್ಬೊ ಸಿ (ಸಿ ಭಾಷೆಯಲ್ಲಿ ಕೋಡ್ ಬರೆಯುವ ಹಳೆಯ ಸಾಫ್ಟ್‌ವೇರ್) ಮುಂದೆ ಕೂತು ಕಲಿತವರು. ಒಂದು ಸೆಮಿಕೋಲನ್ ಬಿಟ್ಟರೆ ಇಡೀ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಹಾಗಾಗಿ ಆ ಕಷ್ಟವೇ ಕೋಡಿಂಗ್ ಅನ್ನುವ ಭಾವನೆ ಉಳಿದುಬಿಟ್ಟಿದೆ. ಆದರೆ ಆಗ ಅವರಿಗೆ 18 ವರ್ಷ, ಇಂಗ್ಲಿಷ್ ಓದಲು ಬರೆಯಲು ಚೆನ್ನಾಗಿ ಬರುತ್ತಿತ್ತು. 9 ವರ್ಷದ ಮಗು ಇನ್ನೂ ಕೀಬೋರ್ಡಿನಲ್ಲಿ ಅಕ್ಷರ ಹುಡುಕುತ್ತಿರುತ್ತದೆ. ಅದರ ಮುಂದೆ, ಟೈಪ್ ಮಾಡಿಯೇ ಬರೆಯಬೇಕಾದ ಪೈಥಾನ್ ಭಾಷೆ ಇಟ್ಟರೆ ಸ್ಪೆಲ್ಲಿಂಗ್ ನೋಡಬೇಕು, ಕೋಲನ್ ಹಾಕಬೇಕು, ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕು ಅಂತ ನೆನಪಿಡಬೇಕು. ತಪ್ಪಾದರೆ ಬರುವ ಕೆಂಪು ಸಂದೇಶವೂ ಇಂಗ್ಲಿಷಿನಲ್ಲೇ. ಅಷ್ಟರಲ್ಲಿ ತಾನು ಏನು ಮಾಡಲು ಕೂತಿದ್ದೆ ಅನ್ನುವುದೇ ಮಗುವಿಗೆ ಮರೆತುಹೋಗಿರುತ್ತದೆ.

ಬ್ಲಾಕ್‌ಗಳು ತೆಗೆದುಹಾಕುವುದು ಈ ಭಾರವನ್ನು ಮಾತ್ರ. ಪ್ರತಿ ಬ್ಲಾಕಿಗೂ ಒಂದು ಆಕಾರವಿದೆ. ಹೌದು ಅಥವಾ ಅಲ್ಲ ಎಂದು ಉತ್ತರಿಸುವ ಬ್ಲಾಕಿಗೆ ಆರು ಮೂಲೆ, ಸಂಖ್ಯೆ ಕೊಡುವ ಬ್ಲಾಕ್ ದುಂಡಗೆ. 'ಇಫ್' (ಹೀಗಿದ್ದರೆ) ಬ್ಲಾಕಿನ ಆರು ಮೂಲೆಯ ಕಿಂಡಿಯಲ್ಲಿ ದುಂಡನೆಯದು ಕೂರುವುದೇ ಇಲ್ಲ. ಹಾಗಾಗಿ ವ್ಯಾಕರಣದ ತಪ್ಪು ಆಗುವುದೇ ಇಲ್ಲ. ಆದರೆ ಯೋಚನೆಯ ತಪ್ಪು ಧಾರಾಳವಾಗಿ ಆಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಸಲ, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಸ್ಕ್ರಾಚ್ ಹೇಳಿಕೊಡುವುದಿಲ್ಲ. ಅದನ್ನು ಮಗುವೇ ಯೋಚಿಸಬೇಕು. ನಿಮ್ಮ ಯಜಮಾನರು ಆಫೀಸಿನಲ್ಲಿ ತಲೆ ಕೆಡಿಸಿಕೊಳ್ಳುವುದೂ ಇದಕ್ಕೇ. ಸೆಮಿಕೋಲನ್ ಹಾಕಿಕೊಡಲು ಅವರಿಗೆ ಈಗ ಎಡಿಟರ್ ಇದೆ ಅಲ್ವಾ!

ಇದು ಮಕ್ಕಳನ್ನು ಸುಮ್ಮನಿರಿಸಲು ಯಾರೋ ಮಾಡಿದ ಆಪ್ ಅಲ್ಲ. ಸೀಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೊ ಭಾಷೆ ಮಾಡಿದ್ದು 1967ರಲ್ಲಿ. ಆಮೆಯನ್ನು ನಡೆಸಿ ಚಿತ್ರ ಬಿಡಿಸುವ ಆಟದಿಂದ ಅದು ಹೆಸರಾಯಿತು. ಅದೇ ದಾರಿಯಲ್ಲಿ ಅಮೆರಿಕದ ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಸ್ಕ್ರಾಚ್ ರೂಪಿಸಿ 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಅವರು ಮನಸ್ಸಿನಲ್ಲಿಟ್ಟುಕೊಂಡದ್ದು 8ರಿಂದ 16 ವರ್ಷದವರನ್ನು. ನಿಮ್ಮ ಮಗಳು ಆ ಬಾಗಿಲಿನಲ್ಲಿ ಈಗಷ್ಟೇ ಕಾಲಿಟ್ಟಿದ್ದಾಳೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಸರಾಂತ ಕಂಪ್ಯೂಟರ್ ವಿಜ್ಞಾನದ ಕೋರ್ಸು ಸಿಎಸ್50ರ ಮೊದಲ ವಾರದ ಪಾಠವೂ ಸ್ಕ್ರಾಚ್‌ನಲ್ಲೇ. ಎರಡನೇ ವಾರದಲ್ಲಿ ಅವರು ಸಿ ಭಾಷೆಗೆ ಹೋಗುತ್ತಾರೆ. ಇದನ್ನು ಯಜಮಾನರಿಗೆ ಹೇಳಿ ನೋಡಿ.

ಇನ್ನು ಅಭ್ಯಾಸ ಕೆಡುತ್ತದೆ ಅನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ. ಇಸ್ರೇಲಿನ ಸಂಶೋಧಕರು 2011ರಲ್ಲಿ ಸ್ಕ್ರಾಚ್ ಕಲಿತ ಮಕ್ಕಳಲ್ಲಿ ಎರಡು ಅಭ್ಯಾಸಗಳನ್ನು ಗುರುತಿಸಿದ್ದರು. ಮಕ್ಕಳು ಏನು ಮಾಡಬೇಕೆಂದು ಯೋಚಿಸದೆ, ಬೇಕಾಗಬಹುದು ಅನ್ನಿಸಿದ ಬ್ಲಾಕ್‌ಗಳನ್ನೆಲ್ಲ ಎಳೆದು ಹಾಕಿಕೊಂಡು ಆಮೇಲೆ ಜೋಡಿಸುತ್ತಾರೆ. ಒಂದೇ ಕೆಲಸವನ್ನು ಚೂರು ಚೂರು ಮಾಡಿ ಹತ್ತು ಕಡೆ ಹರಡುತ್ತಾರೆ. ಎರಡನ್ನೂ ನಾನು ಬೆಂಗಳೂರಿನ ಮಕ್ಕಳಲ್ಲಿ ವಾರವಾರವೂ ನೋಡುತ್ತೇನೆ. ಆದರೆ ಪಕ್ಕದಲ್ಲಿ ಕೂತು "ಇದು ಯಾಕೆ ಇಲ್ಲಿದೆ?" ಎಂದು ಕೇಳುವವರಿದ್ದರೆ ತಿದ್ದಬಹುದಾದ ಅಭ್ಯಾಸಗಳಿವು. ಕೇಳುವವರಿಲ್ಲದೆ ಪೈಥಾನ್ ಕಲಿತವರೂ ಇದನ್ನೇ ಮಾಡುತ್ತಾರೆ.

ಇನ್ನೊಂದು ಅಧ್ಯಯನ ನಿಮಗೆ ಉಪಯೋಗಕ್ಕೆ ಬರಬಹುದು. ಅಮೆರಿಕದಲ್ಲಿ ಡೇವಿಡ್ ವೈನ್‌ಟ್ರೋಪ್ ಮತ್ತು ಯುರಿ ವಿಲೆನ್ಸ್ಕಿ ಹೈಸ್ಕೂಲು ವಿದ್ಯಾರ್ಥಿಗಳ ಎರಡು ಗುಂಪುಗಳನ್ನು ಹೋಲಿಸಿ ನೋಡಿದರು. ಒಂದು ಗುಂಪಿಗೆ ಬ್ಲಾಕ್, ಇನ್ನೊಂದಕ್ಕೆ ಟೈಪ್ ಮಾಡುವ ಕೋಡ್. ಐದು ವಾರದ ಕೊನೆಗೆ ಬ್ಲಾಕ್ ಗುಂಪು ಮುಂದಿತ್ತು. ಆಮೇಲೆ ಎರಡೂ ಗುಂಪು ಹತ್ತು ವಾರ ಟೈಪ್ ಮಾಡುವ ಜಾವಾ ಭಾಷೆ ಕಲಿತ ಮೇಲೆ ವ್ಯತ್ಯಾಸ ಉಳಿಯಲಿಲ್ಲ. ಅವರು ದೊಡ್ಡ ಮಕ್ಕಳು ಅನ್ನುವುದು ನೆನಪಿರಲಿ. ಆದರೂ ನನಗೆ ಇದರಿಂದ ಕಾಣುವುದು ಇಷ್ಟು: ಬ್ಲಾಕ್‌ನಿಂದ ಶುರು ಮಾಡಿದವರು ಹಿಂದೆ ಬೀಳಲಿಲ್ಲ. ಬ್ಲಾಕ್‌ನಲ್ಲಿ ಮಂತ್ರವೂ ಇರಲಿಲ್ಲ.

ಹಾಗಾದರೆ ನಿಮ್ಮ ಮಗಳು ಕಲಿಯುತ್ತಿದ್ದಾಳಾ? ಬಲೂನ್ ಒಡೆಯುವ ಆಟ ತೆರೆಯಲು ಹೇಳಿ. ನೀವೇ ಆಡಿ. ಏಳೆಂಟು ಬಲೂನ್ ಒಡೆದು ನಿಲ್ಲಿಸಿ. ಆಟ ಮತ್ತೆ ಶುರು ಮಾಡಲು ಹಸಿರು ಬಾವುಟ ಒತ್ತುವ ಮೊದಲು ಅವಳನ್ನು ಕೇಳಿ: "ಈಗ ಸ್ಕೋರ್ ಎಷ್ಟರಿಂದ ಶುರುವಾಗುತ್ತೆ?" ಅವಳು ಸರಿಯಾಗಿ ಹೇಳಿದರೆ, ಯಾಕೆ ಎಂದೂ ಹೇಳಿದರೆ, ಅವಳು ಕಲಿಯುತ್ತಿದ್ದಾಳೆ. ಎಷ್ಟೋ ಮಕ್ಕಳ ಆಟದಲ್ಲಿ ಸ್ಕೋರು ಹಳೆಯ ಏಳರಿಂದಲೇ ಮುಂದುವರಿಯುತ್ತದೆ. "ಕಂಪ್ಯೂಟರ್ ಹಾಳಾಗಿದೆ" ಅನ್ನುತ್ತಾರೆ. ಶುರುವಿನಲ್ಲಿ ಸೊನ್ನೆ ಮಾಡು ಎಂದು ಕಂಪ್ಯೂಟರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ. 'ಸೆಟ್' ಬ್ಲಾಕ್ ಎಂದರೆ ಇಷ್ಟು ಮಾಡು, 'ಚೇಂಜ್' ಬ್ಲಾಕ್ ಎಂದರೆ ಇಷ್ಟು ಕೂಡಿಸು. ಈ ವ್ಯತ್ಯಾಸ ತಿಳಿಯುವ ದಿನ ಮಗು ಒಂದು ಮೆಟ್ಟಿಲು ಹತ್ತಿರುತ್ತದೆ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಸೂಜಿ ಬಲೂನಿಗೆ ತಾಗಿದರೆ ಬಲೂನ್ ಒಡೆಯಬೇಕು ಅಂದುಕೊಳ್ಳಿ. ಮಗು 'ತಾಗಿದರೆ' ಅನ್ನುವ ಬ್ಲಾಕನ್ನು ಹಸಿರು ಬಾವುಟದ ಕೆಳಗೆ ನೇರ ಜೋಡಿಸುತ್ತದೆ. ಆಟ ಶುರು ಮಾಡಿದರೆ ಸೂಜಿ ತಾಗುತ್ತಲೇ ಇದೆ, ಬಲೂನ್ ಒಡೆಯುತ್ತಿಲ್ಲ. ಯಾಕೆ? ಬಾವುಟ ಒತ್ತಿದ ಕ್ಷಣದಲ್ಲಿ ಕಂಪ್ಯೂಟರ್ ಒಮ್ಮೆ ನೋಡಿತು. ಆಗ ತಾಗಿರಲಿಲ್ಲ. ಅದರ ಕೆಲಸ ಮುಗಿಯಿತು. ನಮಗೆ 'ತಾಗಿದರೆ' ಅಂದರೆ ಯಾವಾಗ ತಾಗಿದರೂ ಎಂದು ಅರ್ಥ. ಕಂಪ್ಯೂಟರಿಗೆ ಈಗ ತಾಗಿದೆಯಾ ಎಂದು ಮಾತ್ರ. ಅದನ್ನು 'ಫಾರೆವರ್' (ಮಾಡುತ್ತಲೇ ಇರು) ಬ್ಲಾಕಿನ ಒಳಗೆ ಇಟ್ಟರೆ ಮತ್ತೆ ಮತ್ತೆ ನೋಡುತ್ತಿರುತ್ತದೆ. ಬೇಕೆಂದೇ ಆ ಬ್ಲಾಕನ್ನು 'ಫಾರೆವರ್'ನಿಂದ ಹೊರಗೆ ಎಳೆದಿಡಿ. ಏನಾಗುತ್ತದೆ ಎಂದು ಮೊದಲೇ ಹೇಳಲು ಕೇಳಿ. ಮಗುವಿನ ಕಲಿಕೆ ಅಳೆಯಲು ಸರ್ಟಿಫಿಕೇಟಿಗಿಂತ ಈ ಒಂದು ಪ್ರಶ್ನೆಯನ್ನೇ ನಾನು ನಂಬುತ್ತೇನೆ.

ಬೇರೆಯವರ ಆಟ ತೆಗೆದುಕೊಂಡು ಬದಲಾಯಿಸುತ್ತಾಳೆ ಎಂದಿರಿ. ಅದು ಕಾಪಿ ಅಲ್ಲ. ಸ್ಕ್ರಾಚ್‌ನಲ್ಲಿ ರೀಮಿಕ್ಸ್ ಎಂದು ಅದಕ್ಕೇ ಒಂದು ಬಟನ್ ಇದೆ. ಹಂಚಿಕೊಂಡ ಪ್ರಾಜೆಕ್ಟನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಬಣ್ಣ ಬದಲಾಯಿಸುವುದರಲ್ಲೇ ನಿಂತರೆ ಮಾತ್ರ ಸ್ವಲ್ಪ ತಳ್ಳಬೇಕು. "ಬಲೂನ್ ಮೇಲಿಂದ ಕೆಳಗೆ ಬರುತ್ತೆ, ಕೆಳಗಿಂದ ಮೇಲೆ ಹೋಗೋ ಹಾಗೆ ಮಾಡು" ಎಂದು ಕೇಳಿ. ಸ್ಕ್ರಾಚ್ ಎತ್ತರ ಅಳೆಯುವುದು ಹೀಗೆ: ಪರದೆಯ ನಡುವೆ ಸೊನ್ನೆ, ಮೇಲೆ 180, ಕೆಳಗೆ ಮೈನಸ್ 180. ಇಲ್ಲಿ ಆಡುವ ಮಗುವಿಗೆ ಮೈನಸ್ ಸಂಖ್ಯೆ ಪಾಠ ಬರುವ ಮೊದಲೇ ಪರಿಚಯವಾಗಿರುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಾಜೆಕ್ಟ್ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು: ಆಟೊ ಮೀಟರ್. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ 2 ಕಿ.ಮೀ.ಗೆ ₹36, ಆಮೇಲೆ ಪ್ರತಿ ಕಿ.ಮೀ.ಗೆ ₹18. ಎಷ್ಟು ಕಿ.ಮೀ. ಎಂದು ಸ್ಕ್ರಾಚ್‌ನ ಬೆಕ್ಕು ಕೇಳಬೇಕು, ಬಾಡಿಗೆ ಹೇಳಬೇಕು. ವೇರಿಯಬಲ್‌ಗೆ (ಸಂಖ್ಯೆ ಹಾಕಿಡುವ ಡಬ್ಬಿ ಅನ್ನಿ) ಕನ್ನಡದಲ್ಲೇ 'ಬಾಡಿಗೆ', 'ದೂರ' ಎಂದು ಹೆಸರಿಡಬಹುದು, ಸ್ಕ್ರಾಚ್‌ಗೆ ತೊಂದರೆಯಿಲ್ಲ. ಮಕ್ಕಳು ಮೊದಲು ದೂರವನ್ನು 18ರಿಂದ ಗುಣಿಸಿಬಿಡುತ್ತಾರೆ. 5 ಕಿ.ಮೀ. ಹಾಕಿದರೆ 90, ಸರಿಯಾಗೇ ಬರುತ್ತದೆ. 1 ಕಿ.ಮೀ. ಹಾಕಿದರೆ 18 ಬರುತ್ತದೆ. ಯಾವ ಆಟೊದವರು 18ಕ್ಕೆ ಬರುತ್ತಾರೆ? ಆಗ 'ಇಫ್' ಬೇಕು ಅನ್ನುವುದು ಮಗುವಿಗೇ ಹೊಳೆಯುತ್ತದೆ. ಇನ್ನೊಂದು ಮಗು 36ಕ್ಕೆ ಉಳಿದ ಕಿ.ಮೀ. ಲೆಕ್ಕ ಹಾಕಿ ಕೂಡಿಸುತ್ತದೆ. 2 ಕಿ.ಮೀ. ದಾಟಿದ ಮೇಲೆ ಎರಡು ದಾರಿಯಲ್ಲೂ ಒಂದೇ ಉತ್ತರ. ಯಾಕೆ ಎಂದು ಅವರಿಬ್ಬರನ್ನೂ ಜಗಳಕ್ಕೆ ಬಿಟ್ಟರೆ ಗಣಿತದ ಒಂದು ಪೀರಿಯಡ್ ಆರಾಮಾಗಿ ಮುಗಿಯುತ್ತದೆ.

ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಆಟೊ ಬಾಡಿಗೆ ಒಂದೂವರೆ ಪಟ್ಟು. ಸ್ಕ್ರಾಚ್‌ನಲ್ಲಿ ಈಗಿನ ಗಂಟೆ ತಿಳಿಸುವ ಬ್ಲಾಕ್ ಇದೆ, 0ಯಿಂದ 23ರವರೆಗೆ ಹೇಳುತ್ತದೆ. ಬಹುತೇಕ ಮಕ್ಕಳು 'ಗಂಟೆ 21ಕ್ಕಿಂತ ಹೆಚ್ಚು ಮತ್ತು 5ಕ್ಕಿಂತ ಕಡಿಮೆ' ಎಂದು ಜೋಡಿಸುತ್ತಾರೆ. ಅಂಥ ಗಂಟೆ ಯಾವುದೂ ಇಲ್ಲ! ಅಲ್ಲಿ ಬರಬೇಕಾದದ್ದು 'ಅಥವಾ'. ಇದೇ ತಪ್ಪನ್ನು ಕೆಲಸಕ್ಕೆ ಸೇರಿದ ಎಂಜಿನಿಯರ್‌ಗಳೂ ಮಾಡುತ್ತಾರೆ, ಬೇಕಾದರೆ ನಿಮ್ಮ ಯಜಮಾನರನ್ನು ಕೇಳಿ. ಒಬ್ಬ ಹುಡುಗ "ಮೀಟರ್ ಮೇಲೆ ಇಪ್ಪತ್ತು ಕೊಡಿ ಅಂದ್ರೆ ಯಾವ ಬ್ಲಾಕ್ ಸರ್?" ಎಂದು ಕೇಳಿದ್ದ. 'ಎಕ್ಸ್‌ಟ್ರಾ' ಅಂತ ಇನ್ನೊಂದು ವೇರಿಯಬಲ್ ಮಾಡು ಎಂದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಮನೆಯಲ್ಲೇ ಸ್ಕ್ರಾಚ್ ಮುಂದುವರಿಸುವುದು ನನ್ನ ಮೊದಲ ಆಯ್ಕೆ. ಖರ್ಚಿಲ್ಲ. ಅಪಾಯ ಏನೆಂದರೆ ಒಂದು ಹಂತದಲ್ಲಿ ಮಗು ನಿಂತಲ್ಲೇ ನಿಲ್ಲುತ್ತದೆ. ಕೋಡ್ ಬಿಟ್ಟು ಬೆಕ್ಕಿಗೆ ಬಟ್ಟೆ ಬಿಡಿಸುವುದರಲ್ಲೋ ಬೇರೆಯವರ ಆಟ ಆಡುವುದರಲ್ಲೋ ಗಂಟೆ ಕಳೆಯುತ್ತದೆ. ಸ್ಕ್ರಾಚ್ ಜಾಲತಾಣದಲ್ಲಿ ಮಕ್ಕಳು ಪರಸ್ಪರ ಕಾಮೆಂಟ್ ಕೂಡ ಬರೆಯುತ್ತಾರೆ. ಅದರ ಮೇಲೆ ನಿಗಾ ಇಡುವವರಿದ್ದಾರೆ, ಆದರೂ 9 ವರ್ಷಕ್ಕೆ ಅದು ಬೇಕಿಲ್ಲ. ಇಂಟರ್ನೆಟ್ ಇಲ್ಲದೆ ನಡೆಯುವ ಸ್ಕ್ರಾಚ್ ಆಪ್ ಹಾಕಿಕೊಡಿ. ವಾರಕ್ಕೊಮ್ಮೆ ಯಜಮಾನರು ಅರ್ಧ ಗಂಟೆ ಪಕ್ಕ ಕೂರಲಿ. ಮೌಸ್ ಮುಟ್ಟಬಾರದು, ಪ್ರಶ್ನೆ ಮಾತ್ರ ಕೇಳಬೇಕು. ಸಾಫ್ಟ್‌ವೇರ್ ಅಪ್ಪಂದಿರಿಗೆ ಇದು ಭಾರೀ ಕಷ್ಟದ ಕೆಲಸ.

ಕ್ಲಾಸಿಗೆ ಸೇರಿಸುವುದು ತಪ್ಪಲ್ಲ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಮನೆಯಲ್ಲಿ ಆಗದ್ದು ಅಲ್ಲಿ ಆಗುತ್ತದೆ, ಜೊತೆಗೆ ಗೆಳತಿಯರೂ ಸಿಗುತ್ತಾರೆ. ಆದರೆ ಸೇರಿಸುವ ಮೊದಲು ಹಳೆಯ ಬ್ಯಾಚಿನ ಮಕ್ಕಳ ಪ್ರಾಜೆಕ್ಟ್ ತೋರಿಸಿ ಎಂದು ಕೇಳಿ. ಹತ್ತು ಮಕ್ಕಳದ್ದೂ ಒಂದೇ ಆಟ, ಒಂದೇ ಬಣ್ಣ ಇದ್ದರೆ ಅಲ್ಲಿ ನಡೆಯುತ್ತಿರುವುದು ಬೋರ್ಡ್ ನೋಡಿ ಜೋಡಿಸುವ ಕೆಲಸ. ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು ಎಂದು ಕೇಳಿ. ತಿಂಗಳು ತಿಂಗಳು ಕಟ್ಟುವುದಾದರೆ ಮಾತ್ರ ಸೇರಿಸಿ. ಇಎಂಐ ಅಂದರೆ ಎಷ್ಟೋ ಕಡೆ ನಿಮ್ಮ ಹೆಸರಿನಲ್ಲಿ ಬೇರೊಂದು ಸಂಸ್ಥೆಯಿಂದ ತೆಗೆದ ಸಾಲ. ಮಗು ಎರಡು ವಾರಕ್ಕೆ ಕ್ಲಾಸು ಬಿಟ್ಟರೂ ಕಂತು ನಿಲ್ಲುವುದಿಲ್ಲ. ಸಹಿ ಹಾಕುವ ಮೊದಲು ಸಾಲ ಕೊಡುವವರು ಯಾರು, ಅರ್ಧಕ್ಕೆ ಬಿಟ್ಟರೆ ಎಷ್ಟು ವಾಪಸ್ ಎಂದು ಬರವಣಿಗೆಯಲ್ಲಿ ಕೇಳಿ. ಜಾಹೀರಾತುಗಳ ಬಗ್ಗೆಯೂ ಎಚ್ಚರವಿರಲಿ. 2020ರಲ್ಲಿ ಒಂದು ಆನ್‌ಲೈನ್ ಕೋಡಿಂಗ್ ಕಂಪನಿ ತನ್ನ ಕೆಲವು ಜಾಹೀರಾತುಗಳನ್ನು ಜಾಹೀರಾತುಗಳ ಮೇಲೆ ಕಣ್ಣಿಡುವ ಸಂಸ್ಥೆ ಎಎಸ್‌ಸಿಐ ಸೂಚನೆಯ ಮೇಲೆ ಹಿಂದಕ್ಕೆ ಪಡೆಯಬೇಕಾಗಿ ಬಂದಿತ್ತು.

ನೇರ ಪೈಥಾನ್‌ಗೆ ಹೋಗುವುದು ಸೆಂಟರ್‌ನವರು ಹೇಳಿದ ದಾರಿ. 9 ವರ್ಷಕ್ಕೆ ಪೈಥಾನ್ ಕಲಿಯುವ ಮಕ್ಕಳು ಇಲ್ಲವೇ ಇಲ್ಲ ಎನ್ನುವುದಿಲ್ಲ. ಆದರೆ ಹೆಚ್ಚಿನವರು ಕೋಡನ್ನು ನೋಡಿ ಬರೆಯುತ್ತಾರೆ, ಅರ್ಥ ಮಾಡಿಕೊಂಡು ಬರೆಯುವುದಿಲ್ಲ. ಎರಡು ತಿಂಗಳಲ್ಲಿ "ನನಗೆ ಕೋಡಿಂಗ್ ಬರಲ್ಲ" ಅನ್ನುತ್ತಾರೆ. ಆ ಮಾತು ಒಮ್ಮೆ ಬಾಯಿಗೆ ಬಂದರೆ ಬಿಡಿಸುವುದು ಬಹಳ ಕಷ್ಟ, ಹೆಣ್ಣುಮಕ್ಕಳಲ್ಲಂತೂ ಇದನ್ನು ಜಾಸ್ತಿ ನೋಡಿದ್ದೇನೆ. ಯಾವಾಗ ಹೋಗಬಹುದು ಎಂದು ಕೇಳಿದರೆ ನಾನು ವಯಸ್ಸು ಹೇಳುವುದಿಲ್ಲ. ಮಗು ಬ್ಲಾಕ್ ಬಗ್ಗೆ ದೂರಲು ಶುರು ಮಾಡಬೇಕು. ಸ್ಕ್ರಾಚ್‌ನಲ್ಲಿ ನಾವೇ ಮಾಡಿದ ಬ್ಲಾಕ್ ಲೆಕ್ಕ ಹಾಕಿ ಉತ್ತರ ಹಿಂದಿರುಗಿಸುವುದಿಲ್ಲ. ಒಂದು ಪ್ರಾಜೆಕ್ಟಿನಲ್ಲಿ ಗೊಂಬೆಗಳ ತದ್ರೂಪು ಎಲ್ಲ ಸೇರಿ ಒಂದು ಹೊತ್ತಿಗೆ 300ಕ್ಕಿಂತ ಹೆಚ್ಚು ಮಾಡಲಾಗುವುದಿಲ್ಲ. ಆಟ ದೊಡ್ಡದಾದ ಹಾಗೆ ಬ್ಲಾಕ್ ಹುಡುಕುವುದೇ ಕೆಲಸವಾಗುತ್ತದೆ. "ಇದನ್ನೆಲ್ಲ ಎಳೆಯೋದಕ್ಕಿಂತ ಬರೆದರೆ ಬೇಗ ಆಗುತ್ತೆ ಅಲ್ವಾ?" ಎಂದು ಅವಳೇ ಕೇಳಿದ ದಿನ ಹೊತ್ತು ಬಂದಿದೆ. ಅಷ್ಟರಲ್ಲಿ ಕೀಬೋರ್ಡ್ ನೋಡದೆ ಟೈಪ್ ಮಾಡುವುದು ರೂಢಿಯಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೋಗುವಾಗಲೂ ಹಾರಿ ಹೋಗಬೇಕಿಲ್ಲ. ಸ್ಕ್ರಾಚ್‌ನ ಪೆನ್ ಬ್ಲಾಕ್‌ಗಳಿಂದ ರಂಗೋಲಿ ಬಿಡಿಸಲಿ. ನಾಲ್ಕು ಸಲ 90 ಡಿಗ್ರಿ ತಿರುಗಿದರೆ ಚೌಕ, ಐದು ಸಲ 144 ಡಿಗ್ರಿ ತಿರುಗಿದರೆ ನಕ್ಷತ್ರ. ಪೈಥಾನ್‌ನಲ್ಲಿರುವ ಟರ್ಟಲ್‌ನಿಂದ (ಲೋಗೊ ಆಮೆಯ ಹಾಗೆ ನಡೆದು ಚಿತ್ರ ಬಿಡಿಸುವಂಥದ್ದು) ಅದೇ ಚಿತ್ರ ಬರೆಸಬಹುದು. ಉತ್ತರ ಮೊದಲೇ ಗೊತ್ತಿರುವುದರಿಂದ ಭಾಷೆಯ ಮೇಲಷ್ಟೇ ಗಮನ ಕೊಟ್ಟರೆ ಸಾಕು. ಇನ್ನೊಂದು ಒಳ್ಳೆಯ ಸೇತುವೆ ಮೈಕ್ರೋಬಿಟ್, 25 ಪುಟ್ಟ ದೀಪಗಳಿರುವ ಅಂಗೈಯಗಲಕ್ಕಿಂತ ಚಿಕ್ಕ ಬೋರ್ಡು. ಅದರ ಮೇಕ್‌ಕೋಡ್ ಎಡಿಟರ್‌ನಲ್ಲಿ ಬ್ಲಾಕ್ ಜೋಡಿಸಿ, ಒಂದು ಬಟನ್ ಒತ್ತಿ ಅದನ್ನೇ ಪೈಥಾನ್‌ನಲ್ಲಿ ನೋಡಬಹುದು. ವೈರು, ಬ್ಯಾಟರಿ ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಒಂದು ಸುತ್ತು ಹೋಗಿಬಂದರೆ ಮಗುವಿಗೆ ಅದೇ ಒಂದು ಪಾಠ.

ಏನೂ ಮಾಡದೆ ಒಂದು ವರ್ಷ ಬಿಟ್ಟರೂ ನಷ್ಟವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗ್ ಚಟುವಟಿಕೆಗಳನ್ನು ಹೇಳಿರುವುದು ಮಧ್ಯಮ ಹಂತಕ್ಕೆ, ಅಂದರೆ 6ನೇ ಕ್ಲಾಸಿನಿಂದ. ಅವಳು ಆ ಲೆಕ್ಕದಲ್ಲಿ ಮುಂದೇ ಇದ್ದಾಳೆ.

ಎಐ ಕೋರ್ಸಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ವಯಸ್ಸಿಗೆ ಆ ಹೆಸರಿನಲ್ಲಿ ಕೊಡುವುದು ಹೆಚ್ಚಾಗಿ ಯಾರೋ ಮಾಡಿಟ್ಟ ಎಐ ಪ್ರೋಗ್ರಾಂ ಅನ್ನು ಬಳಸುವ ಒಂದು ಬ್ಲಾಕ್. ನೋಡಲು ಮಜಾ, ಒಂದು ಮಧ್ಯಾಹ್ನಕ್ಕೆ ಸಾಕು. ಎಐ ಬರೆದುಕೊಟ್ಟ ಕೋಡಿನಲ್ಲೂ ಆ 'ಮತ್ತು', 'ಅಥವಾ' ತಪ್ಪು ಇರಬಹುದು. ಅದನ್ನು ಹಿಡಿಯುವುದು ಆಟೊ ಮೀಟರ್‌ನಲ್ಲಿ ಪೆಟ್ಟು ತಿಂದ ಮಗು.

ನಿಮ್ಮ ಅತ್ತೆಯವರ ಚಿಂತೆ ಸರಿಯಾದದ್ದೇ. ಭಾರತೀಯ ಮಕ್ಕಳ ತಜ್ಞರ ಸಂಘಟನೆ ಐಎಪಿ, 5ರಿಂದ 10 ವರ್ಷದವರಿಗೆ ದಿನದ ಸ್ಕ್ರೀನ್ ಸಮಯ 2 ಗಂಟೆಗಿಂತ ಕಡಿಮೆ ಇರಲಿ ಎನ್ನುತ್ತದೆ. ಟಿವಿ, ಫೋನು ಎಲ್ಲ ಸೇರಿ. ಕೋಡಿಂಗ್ ಎಂದು ಅದಕ್ಕೆ ವಿನಾಯಿತಿ ಇಲ್ಲ. ನಾನು ಹೇಳುವುದು ವಾರಕ್ಕೆ ಮೂರು ದಿನ, ಒಂದೊಂದು ದಿನ ಮುಕ್ಕಾಲು ಗಂಟೆ. ಕೂರುವ ಮೊದಲು ಏನು ಮಾಡುತ್ತೇನೆ ಎಂದು ಹಾಳೆಯ ಮೇಲೆ ಎರಡು ಸಾಲು ಬರೆಯಲಿ. ಆ ಇಸ್ರೇಲಿನವರು ಹೇಳಿದ ಮೊದಲ ಅಭ್ಯಾಸಕ್ಕೂ ಇದೇ ಮದ್ದು. ಫೋನ್ ಬೇಡ, ಅದರಲ್ಲಿ ಬ್ಲಾಕ್ ಎಳೆಯುವುದೇ ಹಿಂಸೆ. ಹಳೆಯ ಲ್ಯಾಪ್‌ಟಾಪ್ ಸಾಕು, ಆದರೆ ಒಂದು ಮೌಸ್ ಕೊಡಿಸಿ.

ಮಗನಿಗೆ ಬೇರೆಯೇ ಆಪ್ ಇದೆ, ಸ್ಕ್ರಾಚ್ ಜೂನಿಯರ್. 2014ರಲ್ಲಿ ಬಂದದ್ದು, 5ರಿಂದ 7 ವರ್ಷದವರಿಗೆ. ಬ್ಲಾಕ್ ಮೇಲೆ ಅಕ್ಷರದ ಬದಲು ಚಿತ್ರವಿರುವುದರಿಂದ ಓದಲು ಬರದಿದ್ದರೂ ನಡೆಯುತ್ತದೆ. ಅದೂ ಉಚಿತ, ಟ್ಯಾಬ್‌ನಲ್ಲಿ ಓಡುತ್ತದೆ. ಆದರೆ ಅವನಿಗಾಗಿ ಟ್ಯಾಬ್ ಕೊಳ್ಳಬೇಡಿ. ಅಕ್ಕ ಬಾಯಲ್ಲಿ ಹೇಳಲಿ: ಮೂರು ಹೆಜ್ಜೆ ಮುಂದೆ, ಬಲಕ್ಕೆ ತಿರುಗು, ಎರಡು ಹೆಜ್ಜೆ ಮುಂದೆ. ತಮ್ಮ ಹಾಗೇ ನಡೆದು ಹಾಲ್‌ನಿಂದ ಅಡುಗೆಮನೆಗೆ ಹೋಗಿ ಬಿಸ್ಕತ್ತಿನ ಡಬ್ಬ ಮುಟ್ಟಬೇಕು. ಗೋಡೆಗೆ ಗುದ್ದಿದರೆ ತಪ್ಪು ಅಕ್ಕನದ್ದು, ಅವಳೇ ತಿದ್ದಬೇಕು. ಆಮೇಲೆ ಇಬ್ಬರೂ ಜಾಗ ಬದಲಾಯಿಸಲಿ.